ಕಣ್ಣೆದುರಿನ ಫೈಲು ಇಲ್ಲವೆಂದಾಗ: ಟರ್ಮಿನಲ್, ಎಡಿಟರ್ ಮತ್ತು ಎಐ ಸಹಾಯಕದ ನಡುವೆ ದೋಷ ಹುಡುಕುವ ಬಗೆ

ದಾವಣಗೆರೆಯ ಅಡತಿ ಅಂಗಡಿಯೊಂದಕ್ಕೆ ನಾವು ಬರೆದುಕೊಟ್ಟಿದ್ದ ಚಿಕ್ಕದೊಂದು ಪೈಥಾನ್ ಪ್ರೋಗ್ರಾಮ್, ಜನವರಿ ಮತ್ತು ಫೆಬ್ರವರಿ ತಿಂಗಳ ಮೆಕ್ಕೆಜೋಳದ ತೂಕದ ಚೀಟಿಗಳನ್ನು ತಪ್ಪಿಲ್ಲದೆ ಕೂಡಿಸಿಕೊಟ್ಟು, ಮಾರ್ಚ್ ತಿಂಗಳ ಲೆಕ್ಕಕ್ಕೆ ಬಂದಾಗ ‘ನೋ ಸಚ್ ಫೈಲ್ ಆರ್ ಡೈರೆಕ್ಟರಿ’ ಎಂದು ನಿಂತುಬಿಟ್ಟಿತು. ‘ಸಾರ್, ಫೈಲು ಕಣ್ಣೆದುರಿಗೇ ಐತಿ, ಇದು ನೋಡಿದ್ರ ಇಲ್ಲ ಅಂತೈತಲ್ಲ’ ಎಂದು ಅಂಗಡಿಯ ಗುಮಾಸ್ತರು ಫೋನ್ ಮಾಡಿದರು. ನಮ್ಮ ಕಚೇರಿಯ ಕಿರಿಯ ಹುಡುಗನೊಬ್ಬ ಆ ಫೋಲ್ಡರನ್ನು ತರಿಸಿಕೊಂಡು, ಕೋಡ್ ಎಡಿಟರ್‌ನಲ್ಲಿ ತೆರೆದು, ಅದರೊಳಗಿನ ಎಐ ಸಹಾಯಕಕ್ಕೆ ದೋಷ ಸಂದೇಶವನ್ನು ಅಂಟಿಸಿ ಕಾರಣ ಕೇಳಿದ. ಸಹಾಯಕವು ಮೊದಲು ಫೋಲ್ಡರ್ ತಪ್ಪಿರಬಹುದು ಎಂದಿತು. ಆಮೇಲೆ ಫೈಲಿನ ಅನುಮತಿ ಸರಿಯಿಲ್ಲ ಎಂದು ಅದನ್ನು ಬದಲಿಸುವ ಕಮಾಂಡ್ ಕೊಟ್ಟಿತು. ಕೊನೆಗೆ ಪೈಥಾನನ್ನೇ ತೆಗೆದು ಮತ್ತೆ ಹಾಕಿಸಿತು. ಎರಡು ಗಂಟೆಯ ನಂತರ ಮೂಲ ದೋಷ ಹಾಗೆಯೇ ಉಳಿದಿತ್ತು, ಅದರ ಮೇಲೆ ನಾವೇ ಮಾಡಿಕೊಂಡ ಮೂರು ಬದಲಾವಣೆಗಳು ಸೇರಿಕೊಂಡಿದ್ದವು.

ಆ ದೋಷದ ನಿಜವಾದ ಕಾರಣವನ್ನು ಕೊನೆಯ ಭಾಗದಲ್ಲಿ ವಿವರವಾಗಿ ತೋರಿಸಿದ್ದೇನೆ. ಅದಕ್ಕೆ ಮೊದಲು, ಇಂಥ ಸಂದರ್ಭದಲ್ಲಿ ಯಾವ ಕ್ರಮದಲ್ಲಿ ಹುಡುಕಬೇಕು ಎಂಬುದನ್ನು ಬರೆಯುತ್ತೇನೆ, ಏಕೆಂದರೆ ನಾವು ಕಳೆದುಕೊಂಡ ಎರಡು ಗಂಟೆಗೆ ಸಹಾಯಕದ ಅಜ್ಞಾನಕ್ಕಿಂತ ನಮ್ಮ ಕ್ರಮಗೇಡಿತನವೇ ಹೆಚ್ಚು ಕಾರಣವಾಗಿತ್ತು. ಈ ಬರಹದಲ್ಲಿ ಕಮಾಂಡ್‌ಗಳನ್ನು ಬಾಯಲ್ಲಿ ಹೇಳುವಂತೆ ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ, ಅಂದರೆ ಕಮಾಂಡ್ ಬರೆದು ಓಡಿಸುವ ಕಿಟಕಿಯಲ್ಲಿ, ಒತ್ತುವಾಗ ಇಂಗ್ಲಿಷ್ ಸಣ್ಣಕ್ಷರಗಳನ್ನೇ ಬಳಸಬೇಕು.

ಮೊದಲು ಜಾಗ ಗುರುತಿಸಿ

ಕೋಡ್ ಎಡಿಟರ್‌ನಲ್ಲಿ ಕೂತವರಿಗೆ ಎಲ್ಲವೂ ಒಂದೇ ಕಿಟಕಿಯಲ್ಲಿ ಕಾಣುವುದರಿಂದ, ಕಮಾಂಡ್ ಓಡುವ ಜಾಗವೂ ಒಂದೇ ಎಂಬ ಭಾವನೆ ಹುಟ್ಟುತ್ತದೆ. ವಾಸ್ತವದಲ್ಲಿ ಜಾಗಗಳು ಮೂರು: ಎಡಿಟರ್‌ನ ಹೊರಗೆ ನೀವೇ ತೆರೆಯುವ ಟರ್ಮಿನಲ್, ಎಡಿಟರ್‌ನ ಒಳಗಿನ ಟರ್ಮಿನಲ್, ಮತ್ತು ಸಹಾಯಕವು ನಿಮ್ಮ ಪರವಾಗಿ ಕಮಾಂಡ್ ಓಡಿಸಲು ಬಳಸುವ ಶೆಲ್ (ಬರೆದ ಕಮಾಂಡನ್ನು ಓದಿ ನಡೆಸುವ ಪ್ರೋಗ್ರಾಮ್). ಈ ಮೂರಕ್ಕೂ ಬೇರೆ ಬೇರೆ ಆರಂಭದ ಫೋಲ್ಡರ್, ಬೇರೆ ಬೇರೆ ಪಾತ್ (ಇದನ್ನು ಮುಂದಿನ ಭಾಗದಲ್ಲಿ ವಿವರಿಸಿದ್ದೇನೆ), ಕೆಲವೊಮ್ಮೆ ಬೇರೆಯದೇ ಶೆಲ್ ಇರಬಹುದು. ಆದ್ದರಿಂದ ಯಾವ ದುರಸ್ತಿಗೂ ಕೈ ಹಾಕುವ ಮೊದಲು, ಕೆಟ್ಟ ಅದೇ ಕಮಾಂಡನ್ನು ಈ ಮೂರೂ ಕಡೆ ಓಡಿಸಿ ನೋಡಬೇಕು. ಪ್ರತಿ ಸಲವೂ ಅದಕ್ಕೆ ಮುಂಚೆ ‘ಪಿಡಬ್ಲ್ಯುಡಿ’ ಕೊಟ್ಟು, ಈಗ ಯಾವ ಫೋಲ್ಡರ್‌ನಲ್ಲಿ ನಿಂತಿದ್ದೇವೆ ಎಂಬುದನ್ನು ಓದಿಕೊಳ್ಳಬೇಕು.

ಮೂರೂ ಕಡೆ ಒಂದೇ ರೀತಿಯಲ್ಲಿ ಕೆಟ್ಟರೆ ದೋಷ ಪ್ರೋಗ್ರಾಮ್‌ನಲ್ಲಿ ಅಥವಾ ದತ್ತಾಂಶದಲ್ಲಿ ಇದೆ, ಎಡಿಟರ್‌ನ ಸೆಟ್ಟಿಂಗ್‌ಗಳನ್ನು ಕೆದಕುವ ಅಗತ್ಯವೇ ಇಲ್ಲ. ಹೊರಗೆ ಸರಿಯಾಗಿ ನಡೆದು ಒಳಗೆ ಕೆಟ್ಟರೆ ಎಡಿಟರ್‌ಗೆ ಸಿಕ್ಕಿರುವ ಪರಿಸರದಲ್ಲಿ ವ್ಯತ್ಯಾಸವಿದೆ. ಒಳಗಿನ ಟರ್ಮಿನಲ್‌ನಲ್ಲಿ ನೀವು ಕೈಯಿಂದ ಓಡಿಸಿದಾಗ ನಡೆದು, ಸಹಾಯಕ ಓಡಿಸಿದಾಗ ಮಾತ್ರ ಕೆಟ್ಟರೆ, ಸಹಾಯಕವು ಕಮಾಂಡಿಗೆ ಏನು ಸೇರಿಸಿದೆ ಅಥವಾ ಯಾವ ಶೆಲ್‌ನಲ್ಲಿ ಓಡಿಸಿದೆ ಎಂಬುದನ್ನು ನೋಡಬೇಕು. ಈ ಪರೀಕ್ಷೆಗೆ ಎರಡು ನಿಮಿಷ ಸಾಕು. ನಾವು ಅಂದು ಇದನ್ನು ಮೊದಲೇ ಮಾಡಿದ್ದರೆ, ಮೂರೂ ಕಡೆ ಒಂದೇ ಉತ್ತರ ಬರುತ್ತಿತ್ತು, ಪೈಥಾನನ್ನು ಕಿತ್ತುಹಾಕುವ ಪ್ರಮೇಯವೇ ಬರುತ್ತಿರಲಿಲ್ಲ.

ಒಳಗೆ ಒಂದು, ಹೊರಗೆ ಇನ್ನೊಂದು

ಹೊರಗೆ ನಡೆಯುವ ಕಮಾಂಡ್ ಒಳಗೆ ‘ಕಮಾಂಡ್ ನಾಟ್ ಫೌಂಡ್’ ಎಂದರೆ ಮೊದಲ ಅನುಮಾನ ಪಾತ್ ಮೇಲೆ ಬರಬೇಕು. ಕಮಾಂಡಿನ ಹೆಸರನ್ನು ಮಾತ್ರ ಬರೆದಾಗ ಶೆಲ್ ಅದನ್ನು ಯಾವ ಯಾವ ಫೋಲ್ಡರ್‌ಗಳಲ್ಲಿ, ಯಾವ ಕ್ರಮದಲ್ಲಿ ಹುಡುಕಬೇಕು ಎಂಬ ಪಟ್ಟಿಯೇ ಪಾತ್. ಒಂದು ಪ್ರಕ್ರಿಯೆ ಆರಂಭವಾಗುವಾಗ ತನ್ನನ್ನು ಹುಟ್ಟಿಸಿದ ಪ್ರಕ್ರಿಯೆಯಿಂದ ಈ ಪಟ್ಟಿಯ ನಕಲನ್ನು ಪಡೆಯುತ್ತದೆ. ಆಮೇಲೆ ಮೂಲದಲ್ಲಿ ಏನು ಬದಲಾದರೂ ನಕಲಿಗೆ ತಿಳಿಯುವುದಿಲ್ಲ. ಹೊಸ ಉಪಕರಣವೊಂದನ್ನು ಹಾಕಿಕೊಂಡ ಮೇಲೆ ಹೊರಗಿನ ಹೊಸ ಟರ್ಮಿನಲ್‌ಗೆ ಅದು ಸಿಕ್ಕರೂ, ಬೆಳಗಿನಿಂದ ತೆರೆದೇ ಇರುವ ಎಡಿಟರ್‌ಗೆ ಸಿಗದಿರುವುದು ಇದೇ ಕಾರಣಕ್ಕೆ. ಎಡಿಟರ್‌ನ ಒಂದು ಕಿಟಕಿಯನ್ನು ಮಾತ್ರ ಮುಚ್ಚಿ ತೆರೆದರೆ ಸಾಲದು, ಎಲ್ಲ ಕಿಟಕಿಗಳನ್ನೂ ಮುಚ್ಚಿ ಹೊಸದಾಗಿ ಆರಂಭಿಸಬೇಕು. ಅದಕ್ಕೂ ಜಗ್ಗದಿದ್ದರೆ, ಲಿನಕ್ಸ್‌ನಲ್ಲಿ ಎಡಿಟರ್‌ನ ಐಕಾನ್ ಒತ್ತುವ ಬದಲು, ಕೆಲಸ ಮಾಡುತ್ತಿರುವ ಟರ್ಮಿನಲ್‌ನಿಂದಲೇ ಎಡಿಟರ್‌ನ್ನು ತೆರೆದು ನೋಡಿ. ಆಗ ಅದಕ್ಕೆ ಆ ಟರ್ಮಿನಲ್‌ನ ಪರಿಸರವೇ ದೊರೆಯುತ್ತದೆ. ಹಾಗೆ ತೆರೆದಾಗ ಸರಿಹೋದರೆ, ನಿಮ್ಮ ಪಾತ್ ಬದಲಾವಣೆಯು ಬ್ಯಾಷ್ ಎಂಬ ಶೆಲ್‌ನ ‘ಬ್ಯಾಷ್‌ಆರ್‌ಸಿ’ ಕಡತದಂತಹ, ಸಂವಾದದ (ನಾವು ಕೂತು ಕಮಾಂಡ್ ಬರೆಯುವ) ಶೆಲ್‌ಗಳು ಮಾತ್ರ ಓದುವ ಜಾಗದಲ್ಲಿ ಕೂತಿದೆ ಎಂದು ತಿಳಿಯಬಹುದು.

ಕಮಾಂಡ್ ಸಿಗುತ್ತದೆ, ಆದರೆ ತಪ್ಪು ಕಮಾಂಡ್ ಸಿಗುತ್ತದೆ ಎನ್ನುವುದು ಇನ್ನೂ ಹೆಚ್ಚು ತಲೆ ತಿನ್ನುವ ವಿಷಯ. ಪೈಥಾನ್‌ಗೆ ಹೆಚ್ಚುವರಿ ಕೋಡ್ ಹಾಕಿಕೊಡುವ ‘ಪಿಪ್’ನಿಂದ ಲೈಬ್ರರಿಯೊಂದನ್ನು (ಸಿದ್ಧ ಕೋಡ್‌ನ ಕಟ್ಟನ್ನು) ಹಾಕಿದ್ದೇವೆ, ಅದು ಯಶಸ್ವಿಯಾಯಿತು ಎಂದೂ ಬಂದಿದೆ, ಆದರೂ ಪ್ರೋಗ್ರಾಮ್ ಅದು ಇಲ್ಲವೆನ್ನುತ್ತದೆ ಎಂದರೆ, ಸಾಮಾನ್ಯವಾಗಿ ಪಿಪ್ ಒಂದು ಪೈಥಾನ್‌ಗೂ ಪ್ರೋಗ್ರಾಮ್ ಇನ್ನೊಂದು ಪೈಥಾನ್‌ಗೂ ಸೇರಿರುತ್ತದೆ. ಲಿನಕ್ಸ್‌ನಲ್ಲಿ ‘ಟೈಪ್ -ಎ ಪೈಥಾನ್3’ ಎಂದು ಕೊಟ್ಟರೆ ಆ ಹೆಸರಿಗೆ ಸಿಗುವ ಎಲ್ಲವೂ ಕ್ರಮವಾಗಿ ಕಾಣುತ್ತವೆ. ಪಿಪ್ ಎಂದು ನೇರವಾಗಿ ಕರೆಯುವ ಬದಲು ‘ಪೈಥಾನ್3 -ಎಂ ಪಿಪ್’ ಎಂದು ಕರೆಯುವುದನ್ನು ರೂಢಿಸಿಕೊಂಡರೆ ಈ ಗೊಂದಲದ ಬಹುಪಾಲು ತಪ್ಪುತ್ತದೆ. ವಿಂಡೋಸ್‌ನಲ್ಲಿ ಪೈಥಾನ್ ಎಂದು ಒತ್ತಿದಾಗ ಮೈಕ್ರೋಸಾಫ್ಟ್‌ನ ಅಂಗಡಿ ತೆರೆದುಕೊಂಡರೆ ಗಾಬರಿಯಾಗಬೇಕಿಲ್ಲ, ಪಾತ್ ಪಟ್ಟಿಯಲ್ಲಿ ಆ ಹೆಸರಿನ ಖಾಲಿ ಅಲಿಯಾಸ್ ಮೊದಲು ಸಿಕ್ಕಿದೆ, ಅಷ್ಟೇ. ಸೆಟ್ಟಿಂಗ್ಸ್‌ನಲ್ಲಿ ಅದನ್ನು ನಿಲ್ಲಿಸಬಹುದು.

ವಿಂಡೋಸ್ ಬಳಸುವವರು ಶೆಲ್ ಯಾವುದೆಂಬುದನ್ನೂ ನೋಡಿಕೊಳ್ಳಬೇಕು. ಸಹಾಯಕವು ಬ್ಯಾಷ್‌ಗೆ ಹೊಂದುವ ಸಾಲನ್ನು ಕೊಟ್ಟು, ಟರ್ಮಿನಲ್ ಪವರ್‌ಶೆಲ್ ಆಗಿದ್ದರೆ, ‘ಎಕ್ಸ್‌ಪೋರ್ಟ್’ ಎಂಬ ಕಮಾಂಡೇ ಅಲ್ಲಿ ಇರುವುದಿಲ್ಲ. ವಿಂಡೋಸ್ ಜೊತೆಗೆ ಬರುವ ಪವರ್‌ಶೆಲ್ 5.1ರಲ್ಲಿ ಎರಡು ಕಮಾಂಡ್‌ಗಳ ನಡುವೆ && ಚಿಹ್ನೆಯನ್ನು ಹಾಕಿದರೆ ಅದು ವ್ಯಾಕರಣದ ದೋಷವಾಗುತ್ತದೆ, 7ನೆಯ ಆವೃತ್ತಿಯಲ್ಲಿ ಅದೇ ಸಾಲು ನಡೆಯುತ್ತದೆ. ಪ್ರಶ್ನೆಯ ಮೊದಲ ಸಾಲಿನಲ್ಲೇ ಕಾರ್ಯವ್ಯವಸ್ಥೆ, ಶೆಲ್ ಮತ್ತು ಅದರ ಆವೃತ್ತಿಯನ್ನು ಬರೆದುಬಿಡುವುದು ಒಳ್ಳೆಯದು.

ಯಶಸ್ಸು ಎಂದು ಕಂಡ ಸೋಲು

ಪ್ರತಿ ಕಮಾಂಡ್ ಮುಗಿಯುವಾಗ ಒಂದು ಅಂಕಿಯನ್ನು ಬಿಟ್ಟುಹೋಗುತ್ತದೆ. ಬ್ಯಾಷ್‌ನಲ್ಲಿ ಅದರ ಬೆನ್ನಿಗೇ ‘ಎಕೋ $?’ ಎಂದು ಕೇಳಿದರೆ ಆ ಅಂಕಿ ಕಾಣುತ್ತದೆ. 0 ಬಂದರೆ ಕೆಲಸ ಸರಿಯಾಗಿ ಮುಗಿದಿದೆ. 127 ಎಂದರೆ ಕಮಾಂಡ್ ಸಿಕ್ಕಿಲ್ಲ, 126 ಎಂದರೆ ಸಿಕ್ಕಿದೆ ಆದರೆ ಓಡಿಸಲಾಗಲಿಲ್ಲ. 130 ಬಂದರೆ ಯಾರೋ ಕಂಟ್ರೋಲ್-ಸಿ ಒತ್ತಿ ನಿಲ್ಲಿಸಿದ್ದಾರೆ. 137 ಎಂಬುದು 128ಕ್ಕೆ 9 ಕೂಡಿದ ಅಂಕಿ. 9 ಎಂಬುದು ಪ್ರಕ್ರಿಯೆಯನ್ನು ಬಲವಂತವಾಗಿ ಕೊಲ್ಲುವ ಸಂಕೇತ, ಮತ್ತು ಕಡಿಮೆ ಮೆಮೊರಿಯ ಯಂತ್ರಗಳಲ್ಲಿ ಮೆಮೊರಿ ಮುಗಿದಾಗ ಲಿನಕ್ಸ್ ತಾನೇ ಹೀಗೆ ಕೊಲ್ಲುತ್ತದೆ. ಈ ಅಂಕಿಯನ್ನು ತಿಳಿಸಿದರೆ ಸಹಾಯಕದ ಊಹೆಗಳು ಕೂಡಲೇ ಕಿರಿದಾಗುತ್ತವೆ.

ನನ್ನ ಅನುಭವದಲ್ಲಿ ನಮ್ಮನ್ನು ಅತಿ ಹೆಚ್ಚು ದಾರಿ ತಪ್ಪಿಸಿದ್ದು ಈ ಅಂಕಿಯೇ ಸುಳ್ಳಾಗುವ ಸಂದರ್ಭ. ಸಹಾಯಕಗಳಿಗೆ ಕಮಾಂಡಿನ ಉದ್ದನೆಯ ಹೊರಪಾಠ (ಔಟ್‌ಪುಟ್) ಓದುವುದು ಭಾರವಾದ್ದರಿಂದ, ಅವು ಕಮಾಂಡಿನ ಕೊನೆಗೆ ಪೈಪ್ (ಒಂದು ಕಮಾಂಡಿನ ಹೊರಪಾಠವನ್ನು ಇನ್ನೊಂದಕ್ಕೆ ಕೊಡುವ | ಚಿಹ್ನೆ) ಹಾಕಿ, ಕೊನೆಯ ಇಪ್ಪತ್ತು ಸಾಲನ್ನಷ್ಟೇ ತೋರಿಸುವ ‘ಟೇಲ್ -20’ ಎಂದು ಸೇರಿಸುವುದುಂಟು. ಪೈಪ್ ಹಾಕಿದ ಸಾಲಿನಲ್ಲಿ ಬ್ಯಾಷ್ ಮರಳಿಸುವ ಅಂಕಿ ಕೊನೆಯ ಕಮಾಂಡಿನದು. ಉದಾಹರಣೆಗೆ, ಪ್ರೋಗ್ರಾಮ್ ಸರಿಯಿದೆಯೇ ಎಂದು ನೋಡುವ ಪರೀಕ್ಷೆಗಳು ಸೋತಿದ್ದರೂ ಟೇಲ್ ತನ್ನ ಕೆಲಸವನ್ನು ಸರಿಯಾಗಿ ಮಾಡಿರುತ್ತದೆ, ಆದ್ದರಿಂದ 0 ಬರುತ್ತದೆ. ಸೋತ ಪರೀಕ್ಷೆಯ ಹೆಸರು ಕೊನೆಯ ಇಪ್ಪತ್ತು ಸಾಲಿನ ಮೇಲೆ ಎಲ್ಲೋ ಉಳಿದಿರುತ್ತದೆ, ಸಹಾಯಕವು ‘ಎಲ್ಲವೂ ಸರಿಯಾಗಿದೆ’ ಎಂದು ವರದಿ ಮಾಡುತ್ತದೆ. ಹೀಗಾಗಿ ಅದರ ವರದಿಯನ್ನು ಓದುವ ಮೊದಲು ಅದು ಓಡಿಸಿದ ಸಾಲನ್ನು ಓದಬೇಕು. ಪೈಪ್ ಕಂಡರೆ ‘ಸೆಟ್ -ಓ ಪೈಪ್‌ಫೇಲ್’ ಕೊಟ್ಟು ಮತ್ತೆ ಓಡಿಸಿ, ಇಲ್ಲವೇ ಪೈಪನ್ನು ತೆಗೆದು ಕೈಯಿಂದ ಓಡಿಸಿ. ಸಾಲಿನ ಕೊನೆಗೆ ‘|| ಟ್ರೂ’ ಎಂದಿದ್ದರೆ ಇನ್ನೂ ಕೆಟ್ಟದ್ದು, ಏನೇ ಸೋತರೂ ಗೆಲುವೆಂದೇ ಬರೆಯಲು ಹೇಳಿದಂತೆ.

ಸಹಾಯಕ ಕಮಾಂಡ್ ಓಡಿಸಿ ಸುಮ್ಮನೆ ಕಾಯುತ್ತಾ ಕೂತಿದ್ದರೆ, ಆ ಕಮಾಂಡ್ ನಿಮ್ಮಿಂದ ಏನನ್ನೋ ಕೇಳುತ್ತಿರಬಹುದು. ಹೆಚ್ಚಿನ ಅಧಿಕಾರದಲ್ಲಿ ಕಮಾಂಡ್ ಓಡಿಸುವ ‘ಸುಡೋ’ ಪಾಸ್‌ವರ್ಡ್ ಕೇಳಿ ನಿಂತಿರುತ್ತದೆ, ಅಥವಾ ಕೋಡ್‌ನ ಬದಲಾವಣೆಗಳ ಇತಿಹಾಸ ತೋರಿಸುವ ‘ಗಿಟ್ ಲಾಗ್’ ತನ್ನ ಪುಟ ತೋರಿಸುವ ಪರದೆಯಲ್ಲಿ ಕ್ಯೂ ಅಕ್ಷರಕ್ಕಾಗಿ ಕಾದಿರುತ್ತದೆ. ಒಳಗಿನ ಟರ್ಮಿನಲ್ ತೆರೆದು ನೋಡಿದರೆ ಅರ್ಧ ನಿಮಿಷದಲ್ಲಿ ತಿಳಿಯುತ್ತದೆ. ಗಿಟ್‌ಗೆ ‘--ನೋ-ಪೇಜರ್’ ಕೊಡುವುದು ಇದಕ್ಕೆ ಪರಿಹಾರ.

ಸಹಾಯಕವೇ ಉತ್ತರಿಸದಿದ್ದಾಗ

ಇದರ ಬಗ್ಗೆ ಹೆಚ್ಚು ಬರೆಯುವ ಅಗತ್ಯವಿಲ್ಲ, ಏಕೆಂದರೆ ಸೇವೆಯಿಂದ ಬರುವ ಸಂಖ್ಯೆಯೇ ಬಹುಪಾಲು ಹೇಳಿಬಿಡುತ್ತದೆ: 401 ಬಂದರೆ ಲಾಗಿನ್ ಅವಧಿ ಮುಗಿದಿದೆ ಅಥವಾ ಕೀಲಿ ತಪ್ಪಿದೆ, 407 ಬಂದರೆ ಜಾಲದ ನಡುವೆ ನಿಂತು ಸಂಪರ್ಕವನ್ನು ಹಾಯಿಸುವ ಪ್ರಾಕ್ಸಿ ಗುರುತು ಕೇಳುತ್ತಿದೆ, 429 ಬಂದರೆ ಮಿತಿ ಮೀರಿ ಕೇಳಿದ್ದೀರಿ, ಸ್ವಲ್ಪ ಹೊತ್ತು ಬಿಡಬೇಕು. ಕಾಲೇಜು ಮತ್ತು ದೊಡ್ಡ ಕಚೇರಿಗಳ ಜಾಲದಲ್ಲಿ ಬ್ರೌಸರ್ ನಡೆದು ಎಡಿಟರ್ ಮಾತ್ರ ನಡೆಯದಿದ್ದರೆ, ಪ್ರಾಕ್ಸಿಯ ವಿವರ ಬ್ರೌಸರ್‌ಗೆ ತಿಳಿದಿದೆ, ಎಡಿಟರ್‌ಗೆ ತಿಳಿದಿಲ್ಲ ಎಂದು ಅನುಮಾನಿಸಬಹುದು.

ಒಂದು ಕಾರಣವನ್ನು ಮಾತ್ರ ಪ್ರತ್ಯೇಕವಾಗಿ ಹೇಳುತ್ತೇನೆ. ಚಿತ್ರದುರ್ಗದ ಗೆಳೆಯರೊಬ್ಬರ ಹಳೆಯ ಡೆಸ್ಕ್‌ಟಾಪ್‌ನಲ್ಲಿ ಕರೆಂಟ್ ಹೋಗಿ ಬಂದಾಗಲೆಲ್ಲ ಸಹಾಯಕವು ಸರ್ಟಿಫಿಕೇಟ್ ದೋಷ ತೋರಿಸುತ್ತಿತ್ತು. ಗಡಿಯಾರ ನೋಡಿದರೆ ಅದು ಎಷ್ಟೋ ವರ್ಷ ಹಿಂದಕ್ಕೆ ಹೋಗಿ ನಿಂತಿತ್ತು. ಸುರಕ್ಷಿತ ಸಂಪರ್ಕದ ಸರ್ಟಿಫಿಕೇಟ್‌ಗೆ ಆರಂಭದ ದಿನಾಂಕವೂ ಇರುವುದರಿಂದ, ಹಿಂದೆ ಬಿದ್ದ ಗಡಿಯಾರದ ಕಣ್ಣಿಗೆ ಅದು ಇನ್ನೂ ಹುಟ್ಟಿಯೇ ಇರುವುದಿಲ್ಲ. ಮದರ್‌ಬೋರ್ಡ್ ಮೇಲಿನ ಸಿಆರ್2032 ಎಂಬ ಮೂರು ವೋಲ್ಟ್‌ನ ನಾಣ್ಯದಾಕಾರದ ಬ್ಯಾಟರಿಯನ್ನು ಬದಲಿಸಿದ ಮೇಲೆ ತೊಂದರೆ ಮರಳಲಿಲ್ಲ.

ಮಾರ್ಚ್ ಕಡತದ ಕಥೆ

ಈಗ ಅಡತಿ ಅಂಗಡಿಯ ದೋಷಕ್ಕೆ ಬರೋಣ. ಹುಡುಗ ಮಾಡಿದ್ದ ಬದಲಾವಣೆಗಳನ್ನೆಲ್ಲ ಮೊದಲು ಹಿಂದಕ್ಕೆ ಪಡೆದೆವು. ಪ್ರೋಗ್ರಾಮ್ ಗಿಟ್‌ನಲ್ಲಿ ಇದ್ದುದರಿಂದ ಕೋಡ್ ಸುಲಭವಾಗಿ ಮರಳಿತು, ಆದರೆ ಅನುಮತಿಗಳ ಬದಲಾವಣೆಯನ್ನು ಕೈಯಿಂದ ಸರಿಪಡಿಸಬೇಕಾಯಿತು. ನಂತರ ಮೂರು ಜಾಗಗಳ ಪರೀಕ್ಷೆ ನಡೆಸಿದೆವು. ಎಲ್ಲ ಕಡೆ ಅದೇ ಸಂದೇಶ. ಹಾಗಾಗಿ ದೋಷ ಎಡಿಟರ್‌ನಲ್ಲಿಲ್ಲ, ಪೈಥಾನ್‌ನಲ್ಲೂ ಬಹುಶಃ ಇಲ್ಲ, ಏಕೆಂದರೆ ಅದೇ ಪೈಥಾನ್ ಫೆಬ್ರವರಿಯ ಲೆಕ್ಕವನ್ನು ಈಗಲೂ ಸರಿಯಾಗಿ ಮಾಡುತ್ತಿತ್ತು. ಕೆಟ್ಟ ತಿಂಗಳನ್ನು ಕೆಡದ ತಿಂಗಳ ಪಕ್ಕದಲ್ಲಿಟ್ಟು ನೋಡುವುದೊಂದೇ ಉಳಿದ ದಾರಿ.

ಪ್ರೋಗ್ರಾಮ್‌ನಲ್ಲಿ ತಿಂಗಳುಗಳ ಕನ್ನಡ ಹೆಸರುಗಳ ಪಟ್ಟಿಯಿತ್ತು. ಅದರಿಂದ ಹೆಸರನ್ನು ತೆಗೆದು, ಕೊನೆಗೆ ಚುಕ್ಕೆ ಮತ್ತು ಸಿಎಸ್‌ವಿ ಎಂಬ ಮೂರು ಇಂಗ್ಲಿಷ್ ಅಕ್ಷರ ಸೇರಿಸಿ ಕಡತವನ್ನು ತೆರೆಯುತ್ತಿತ್ತು. ಗುಮಾಸ್ತರು ಅದೇ ಹೆಸರಿನಲ್ಲಿ ಪ್ರತಿ ತಿಂಗಳ ಕಡತವನ್ನು ಉಳಿಸುತ್ತಿದ್ದರು. ಟರ್ಮಿನಲ್‌ನಲ್ಲಿ ಹೆಸರನ್ನು ಪೂರ್ತಿ ಕೈಯಿಂದ ಬರೆದು, ಕಡತದ ಒಳಗಿರುವುದನ್ನು ತೋರಿಸುವ ‘ಕ್ಯಾಟ್’ ಕೊಟ್ಟರೆ ಕಡತ ಇಲ್ಲವೆಂದು ಬಂತು. ‘ಮಾ’ ಎಂದಷ್ಟೇ ಬರೆದು ಟ್ಯಾಬ್ ಒತ್ತಿದರೆ ಹೆಸರು ತಾನೇ ಪೂರ್ಣಗೊಂಡು ಕಡತ ತೆರೆಯಿತು. ಕಣ್ಣಿಗೆ ಎರಡೂ ಸಾಲುಗಳು ಒಂದೇ. ಬರೆದ ಹೆಸರು ಸೋತು ಟ್ಯಾಬ್‌ನ ಹೆಸರು ಗೆದ್ದರೆ, ಹೆಸರಿನೊಳಗೆ ಕಣ್ಣಿಗೆ ಕಾಣದ ಏನೋ ಇದೆ ಎಂದೇ ಅರ್ಥ.

ಅದನ್ನು ಎಣಿಸಿ ಹಿಡಿಯಬಹುದು. ‘ಮಾರ್ಚ್’ ಎಂಬ ಪದವು ಕಂಪ್ಯೂಟರ್‌ಗೆ ಆರು ಸಂಕೇತಗಳ ಸಾಲು: ಮ, ದೀರ್ಘದ ಚಿಹ್ನೆ, ರ, ಹಲಂತ, ಚ, ಹಲಂತ. ಅಕ್ಷರಗಳನ್ನು ಬೈಟ್‌ಗಳಾಗಿ ಉಳಿಸುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೈಟ್ ಬೇಕು, ಅಂದರೆ 18. ಚುಕ್ಕೆ ಮತ್ತು ಮೂರು ಇಂಗ್ಲಿಷ್ ಅಕ್ಷರಗಳಿಗೆ 4, ಸಾಲಿನ ಕೊನೆಗೆ 1, ಒಟ್ಟು 23. ‘ಮಾ’ದಿಂದ ಆರಂಭವಾಗುವ ಹೆಸರನ್ನು ತೋರಿಸುವ ‘ಎಲ್‌ಎಸ್ ಮಾ*’ ಎಂಬುದರ ಹೊರಪಾಠವನ್ನು ಪೈಪ್ ಮೂಲಕ ಬೈಟ್ ಎಣಿಸುವ ‘ಡಬ್ಲ್ಯುಸಿ -ಸಿ’ಗೆ ಕೊಟ್ಟಾಗ ಬಂದ ಅಂಕಿ 26. ಹೆಚ್ಚಾದ ಮೂರು ಬೈಟ್‌ಗಳನ್ನು, ಒಂದೊಂದು ಬೈಟನ್ನೂ ಬಿಡಿಸಿ ತೋರಿಸುವ ‘ಎಕ್ಸ್‌ಎಕ್ಸ್‌ಡಿ’ಯಲ್ಲಿ ನೋಡಿದರೆ ಚ್ ಮತ್ತು ಚುಕ್ಕೆಯ ನಡುವೆ ಇ2 80 8ಸಿ ಎಂದಿತ್ತು. ಅದು ಯುನಿಕೋಡ್‌ನ 200ಸಿ ಸಂಕೇತ, ಜೀರೋ ವಿಡ್ತ್ ನಾನ್-ಜಾಯ್ನರ್, ಅಂದರೆ ತಾನು ಕಾಣದೆ ಅಕ್ಷರಗಳು ಕೂಡಿಕೊಳ್ಳದಂತೆ ತಡೆಯುವ ಸಂಕೇತ.

ಕನ್ನಡದಲ್ಲಿ ಇದು ಬೇಡದ ಕಸವಲ್ಲ. ‘ಟರ್ಮಿನಲ್‌ನಲ್ಲಿ’ ಎಂದು ಬರೆಯುವಾಗ ಲ್ ಕೆಳಗೆ ನ ಒತ್ತಕ್ಷರವಾಗಿ ಇಳಿಯದೆ ಬೇರೆಯಾಗಿ ನಿಲ್ಲುವುದು ಈ ಸಂಕೇತದಿಂದಲೇ. ಈ ಬರಹದಲ್ಲಿಯೂ ಅದು ಹತ್ತಾರು ಕಡೆ ಇದೆ. ಆದರೆ ಕೆಲವು ಕೀಲಿಮಣೆ ತಂತ್ರಾಂಶಗಳು ಪದದ ಕೊನೆಯ ಹಲಂತದ ನಂತರವೂ ಅದನ್ನು ಹಾಕಿಬಿಡುತ್ತವೆ. ಅಲ್ಲಿ ಅದಕ್ಕೆ ಕೆಲಸವಿಲ್ಲ, ಪರದೆಯ ಮೇಲೆ ಗುರುತೂ ಇಲ್ಲ, ಆದರೆ ಹೋಲಿಕೆಯಲ್ಲಿ ಹೆಸರು ಬೇರೆಯಾಗುತ್ತದೆ. ಜನವರಿ, ಫೆಬ್ರವರಿ ಸ್ವರದಲ್ಲಿ ಮುಗಿಯುವ ಪದಗಳು, ಹಾಗಾಗಿ ಅವು ಕೆಡಲಿಲ್ಲ. ಮಾರ್ಚ್ ಹಲಂತದಲ್ಲಿ ಮುಗಿಯುತ್ತದೆ. ವರ್ಷದ ಹನ್ನೆರಡು ಹೆಸರುಗಳಲ್ಲಿ ಜನವರಿ, ಫೆಬ್ರವರಿ, ಮೇ, ಜುಲೈ ಈ ನಾಲ್ಕನ್ನು ಬಿಟ್ಟರೆ ಉಳಿದ ಎಂಟೂ ಹೀಗೆಯೇ. ಅಂದರೆ ಮಾರ್ಚ್ ಕಡತವನ್ನು ಕೈಯಿಂದ ಸರಿಪಡಿಸಿ ಸುಮ್ಮನಾಗಿದ್ದರೆ ಏಪ್ರಿಲ್‌ನಲ್ಲಿ ಮತ್ತೆ ಫೋನ್ ಬರುತ್ತಿತ್ತು, ಮೇ ತಿಂಗಳಲ್ಲಿ ತಾನಾಗಿಯೇ ಸರಿಹೋದಂತೆ ಕಾಣುತ್ತಿತ್ತು.

ಯುನಿಕೋಡ್ ಸಾಮಾನ್ಯೀಕರಣ (ಒಂದೇ ಅಕ್ಷರದ ಬೇರೆ ಬೇರೆ ಬರಹಗಳನ್ನು ಒಂದೇ ರೂಪಕ್ಕೆ ತರುವುದು) ಮಾಡಿದರೆ ಇದು ಹೋಗುತ್ತದೆಯೇ ಎಂದು ಕೇಳುವವರಿದ್ದಾರೆ. ಹೋಗುವುದಿಲ್ಲ. ‘ಜೋಳ’ ಎಂಬಲ್ಲಿನ ಓಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ, ಎರಡು ಅಥವಾ ಮೂರು ತುಂಡುಗಳಾಗಿಯೂ ಬರೆಯಬಹುದು, ಎನ್‌ಎಫ್‌ಸಿ ಎಂಬ ಸಾಮಾನ್ಯೀಕರಣ ಅವನ್ನು ಒಂದಾಗಿಸುತ್ತದೆ. ಆದರೆ 200ಸಿ ಸಂಕೇತವನ್ನು ಅದು ಮುಟ್ಟುವುದಿಲ್ಲ. ಎರಡನ್ನೂ ಬೇರೆ ಬೇರೆಯಾಗಿ ನೋಡಿಕೊಳ್ಳಬೇಕು.

ಸಹಾಯಕವನ್ನು ಇಲ್ಲಿ ಪೂರ್ತಿ ದೂರುವುದು ನ್ಯಾಯವಲ್ಲ. ಅದಕ್ಕೆ ನಾವು ಕೊಟ್ಟದ್ದು ಪ್ರೋಗ್ರಾಮ್‌ನ ದೋಷ ಸಂದೇಶ ಮತ್ತು ‘ಫೈಲ್ ಇದೆ’ ಎಂಬ ನಮ್ಮ ಮಾತು. ಸಂದೇಶದಲ್ಲಿದ್ದುದು ಪ್ರೋಗ್ರಾಮ್ ಹುಡುಕಿದ ಹೆಸರು, ಡಿಸ್ಕ್‌ನಲ್ಲಿದ್ದ ಹೆಸರಲ್ಲ. ಫೋಲ್ಡರ್ ತಪ್ಪಿರಬಹುದು ಎಂಬ ಅದರ ಮೊದಲ ಊಹೆ ಯಾರೇ ಆದರೂ ಮಾಡಬೇಕಾದದ್ದೇ. ತಪ್ಪಾದದ್ದು ಆಮೇಲೆ: ಊಹೆ ಸುಳ್ಳಾದಾಗ ನಾವು ಹೊಸ ಪುರಾವೆ ಕೊಡದೆ ‘ಇನ್ನೂ ಸರಿಯಾಗಿಲ್ಲ’ ಎಂದಷ್ಟೇ ಬರೆದೆವು, ಅದು ಬೇರೊಂದು ಊಹೆ ಕೊಟ್ಟಿತು. ಈಗ ಕಚೇರಿಯಲ್ಲಿ ಒಂದು ನಿಯಮ ಇಟ್ಟುಕೊಂಡಿದ್ದೇವೆ. ಎರಡು ಊಹೆಗಳು ಸುಳ್ಳಾದರೆ ಆ ಸಂಭಾಷಣೆಯನ್ನು ಮುಚ್ಚಿ, ಹೊಸದನ್ನು ತೆರೆದು, ಅದುವರೆಗೆ ಖಚಿತವಾಗಿ ತಿಳಿದ ಸಂಗತಿಗಳನ್ನು ಮಾತ್ರ ಬರೆಯಬೇಕು. ಹಳೆಯ ಸಂಭಾಷಣೆಯಲ್ಲಿ ಸುಳ್ಳಾದ ಊಹೆಗಳೂ ಉಳಿದು ಮುಂದಿನ ಉತ್ತರವನ್ನು ತಮ್ಮ ಕಡೆಗೆ ಎಳೆಯುತ್ತವೆ. ಅಂದು ಹೊಸ ಸಂಭಾಷಣೆಯಲ್ಲಿ ‘23 ಬರಬೇಕಾದಲ್ಲಿ 26 ಬರುತ್ತಿದೆ’ ಎಂದು ಬರೆದಾಗ, ಸಹಾಯಕವು ಮೊದಲ ಉತ್ತರದಲ್ಲೇ ಕಾಣದ ಸಂಕೇತದ ಹೆಸರು ಹೇಳಿತು.

ದುರಸ್ತಿಗೆ ಹೆಚ್ಚು ಸಮಯ ಹಿಡಿಯಲಿಲ್ಲ. ಕಡತದ ಹೆಸರಿನಲ್ಲಿ ಕನ್ನಡ ಇರಲಿ ಎಂಬ ಆಸೆ ನನ್ನದೇ ಆಗಿತ್ತು, ಅದನ್ನು ಬಿಟ್ಟುಕೊಡಲು ಮನಸ್ಸಿರಲಿಲ್ಲ. ಆದ್ದರಿಂದ ಪ್ರೋಗ್ರಾಮ್ ಈಗ ಫೋಲ್ಡರ್‌ನಲ್ಲಿರುವ ಹೆಸರುಗಳನ್ನು ಮೊದಲು ಓದಿಕೊಂಡು, ಪ್ರತಿಯೊಂದರಲ್ಲೂ ಚುಕ್ಕೆಯ ಹಿಂದೆ 200ಸಿ ಇದ್ದರೆ ಹೋಲಿಕೆಗಾಗಿ ಮಾತ್ರ ಅದನ್ನು ತೆಗೆದು, ಎನ್‌ಎಫ್‌ಸಿಗೆ ತಂದು, ತನ್ನ ಪಟ್ಟಿಯ ಹೆಸರಿನೊಂದಿಗೆ ತಾಳೆ ನೋಡುತ್ತದೆ. ತೆರೆಯುವಾಗ ಡಿಸ್ಕ್‌ನಲ್ಲಿರುವ ಮೂಲ ಹೆಸರನ್ನೇ ಬಳಸುತ್ತದೆ. ತಾಳೆ ಸಿಗದಿದ್ದರೆ ಬರಿಯ ದೋಷ ಸಂದೇಶದ ಬದಲು ಫೋಲ್ಡರ್‌ನಲ್ಲಿ ಕಂಡ ಹೆಸರುಗಳನ್ನೂ ಅವುಗಳ ಬೈಟ್ ಎಣಿಕೆಯನ್ನೂ ಮುದ್ರಿಸುತ್ತದೆ. ಗುಮಾಸ್ತರಿಗೆ ಕೀಲಿಮಣೆ ಬದಲಿಸಿ ಎಂದು ನಾವು ಹೇಳಲಿಲ್ಲ, ಅವರು ಏಪ್ರಿಲ್ ಕಡತವನ್ನು ಎಂದಿನಂತೆಯೇ ಉಳಿಸಿ ಕಳಿಸಿದರು. ಅದರಲ್ಲೂ ಮೂರು ಬೈಟ್ ಹೆಚ್ಚಿತ್ತು, ಲೆಕ್ಕ ಸರಿಯಾಗಿ ಬಂತು.